ರಾಜಕಾಲುವೆ ಸೂತ್ರಕ್ಕೊಂದು ಕಿರುಭಾಷ್ಯ

ಶಾಸ್ತ್ರಗ್ರಂಥ ಬರೆಯುವವರು ಮೊದಲು ಅನುಬಂಧ ಚತುಷ್ಟಯವನ್ನು ಹೇಳಬೇಕೆಂಬುದು ಸಂಪ್ರದಾಯ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಬೆಂಗಳೂರಿನ ಕೆರೆಗಳ ಸುತ್ತ, ರಾಜಕಾಲುವೆಗಳ ಇಕ್ಕೆಲದಲ್ಲಿ ಯಾರೂ ಏನೂ ಕಟ್ಟಬಾರದೆಂದು ಕಾನೂನು ಬಿಡಿಸಿಟ್ಟಿರುವ, ಲೋಕದಲ್ಲಿ ಬಫರ್ ಝೋನ್ ಎಂದು ಕರೆಸಿಕೊಳ್ಳುವ ನೆಲದ ಪಟ್ಟಿಯೇ ಈ ಗ್ರಂಥದ ವಿಷಯ. ಪ್ರಯೋಜನ, ಮೂರು ಬೆಡ್‌ರೂಮಿನ ಫ್ಲಾಟು. ಸಂಬಂಧ, ನಕ್ಷೆ ಮಂಜೂರು ಮಾಡುವ ಕಚೇರಿಯಲ್ಲಿ ಕೆಲಸಕ್ಕಿರುವ ಷಡ್ಡಕ. ಅಧಿಕಾರಿಯ ಬಗ್ಗೆ ಸದ್ಯಕ್ಕೇನೂ ಹೇಳುವಂತಿಲ್ಲ, ಅವರು ಮೀಟಿಂಗಿನಲ್ಲಿದ್ದಾರೆ.

ಪ್ರಾಚೀನರಿಗೆ ಈ ಶಾಸ್ತ್ರ ತಿಳಿದಿರಲಿಲ್ಲ. ದೊಡ್ಡ ನದಿಯಿಲ್ಲದ, ದಿಣ್ಣೆಯ ಮೇಲೆ ಕೂತ ಈ ಊರಿನಲ್ಲಿ ಬಿದ್ದ ಮಳೆ ಮೂರು ದಿಕ್ಕಿಗೆ ಇಳಿಯುತ್ತದೆ: ಹೆಬ್ಬಾಳ ಕಣಿವೆ, ಕೋರಮಂಗಲ–ಚಲ್ಲಘಟ್ಟ ಕಣಿವೆ, ವೃಷಭಾವತಿ ಕಣಿವೆ. ಇಳಿಯುವ ನೀರಿಗೆ ಅಡ್ಡಲಾಗಿ ಏರಿ ಕಟ್ಟಿ, ಒಂದು ಕೆರೆಯ ಕೋಡಿ ಹರಿದರೆ ಮುಂದಿನ ಕೆರೆಗೆ ಸೇರುವಂತೆ ಕಾಲುವೆ ಬಿಟ್ಟು, ಉಸ್ತುವಾರಿಗೆ ಒಬ್ಬ ನೀರಗಂಟಿಯನ್ನು ನೇಮಿಸಿ ಅವರು ಸುಮ್ಮನಾಗಿಬಿಟ್ಟರು. ಕೆರೆಯಂಗಳ ಎಲ್ಲಿಯವರೆಗೆ ಎಂದು ಕೇಳಿದರೆ ನೀರಗಂಟಿ ಕೋಲೆತ್ತಿ ತೋರಿಸುತ್ತಿದ್ದ. ಆ ಕೋಲಿಗೆ ಮೀಟರಿನ ಗುರುತಿರಲಿಲ್ಲ, ಆತನಿಗೆ ಪಿಎಚ್.ಡಿ. ಇರಲಿಲ್ಲ. ಇಂಥ ಅವೈಜ್ಞಾನಿಕ ಸ್ಥಿತಿಯಲ್ಲಿ ಕೆರೆಗಳು ನಾಲ್ಕೈದು ಶತಮಾನ ಹೇಗೆ ಉಳಿದವೆಂಬುದು ವಿದ್ವಾಂಸರಿಗೆ ಇಂದಿಗೂ ಒಗಟು.

ಶಾಸ್ತ್ರಯುಗ ಶುರುವಾಗುವುದು ಬಿಡಿಎ ರಚಿಸಿದ ‘ಪರಿಷ್ಕೃತ ಮಾಸ್ಟರ್ ಪ್ಲಾನ್ 2015’ ಎಂಬ ಮೂಲಗ್ರಂಥದಿಂದ. ಇದು ಜಾರಿಗೆ ಬಂದದ್ದು 2007ರಲ್ಲಿ. 2015 ಕಳೆದು ಹತ್ತು ವರ್ಷವಾದರೂ ಪಾರಾಯಣ ಮಾತ್ರ ನಿಂತಿಲ್ಲ. ಅದರ ಸೂತ್ರ ಸ್ಪಷ್ಟವಾಗಿದೆ. ಕೆರೆಯ ಸುತ್ತ 30 ಮೀಟರ್. ಪ್ರಾಥಮಿಕ ಕಾಲುವೆಗೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15. ಆದರೆ ಕಾಲುವೆಯ ವಿಷಯದಲ್ಲಿ ಸೂತ್ರಕಾರರು ಇನ್ನೊಂದು ಮಾತು ಸೇರಿಸಿದ್ದಾರೆ. ಈ ಮೀಟರುಗಳನ್ನು ಎಣಿಸಬೇಕಾದದ್ದು ಕಾಲುವೆಯ ನಟ್ಟನಡುವಿನಿಂದ. ಟೇಪಿನ ಒಂದು ತುದಿ ಹಿಡಿದವನು ನೀರಿನಲ್ಲೇ ನಿಂತಿರಬೇಕು. ಬೆಂಗಳೂರಿನ ರಾಜಕಾಲುವೆಯಲ್ಲಿ ಏನು ಹರಿಯುತ್ತದೆಂದು ಬಲ್ಲವರಿಗೆ ಸರ್ವೆ ಕೆಲಸ ಯಾಕೆ ತಡವಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ಪ್ರತಿಯಾಗಿ 2016ರ ಮೇ 4ರಂದು ಎರಡನೆಯ ಪಂಥ ಹುಟ್ಟಿತು. ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ಜಾಗದಲ್ಲಿ ಎದ್ದ ಕಟ್ಟಡ ಯೋಜನೆಗಳ ವ್ಯಾಜ್ಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್, ಕಾಲುವೆಗಳಿಗೆ ಕ್ರಮವಾಗಿ 50, 35, 25 ಎಂದು ವಿಧಿಸಿತು. ಅಳತೆ ಅಂಚಿನಿಂದ. ಮೊದಲನೆಯವರನ್ನು ಮಧ್ಯವಾದಿಗಳೆಂದೂ ಎರಡನೆಯವರನ್ನು ಅಂಚುವಾದಿಗಳೆಂದೂ ಇನ್ನು ಮುಂದೆ ಕರೆಯೋಣ. ಪ್ರಾಥಮಿಕ ಕಾಲುವೆಗೆ ಎರಡೂ ಪಂಥದವರು ಹೇಳುವುದು ಐವತ್ತೇ. ಸಂಖ್ಯೆಯಲ್ಲಿ ಭೇದವಿಲ್ಲ, ಆರಂಭದಲ್ಲಿ ಮಾತ್ರ ಭೇದ. ಇಷ್ಟಕ್ಕೇ ಮೂರು ಮತಗಳು ಹುಟ್ಟಿದ ನಾಡು ನಮ್ಮದು.

ಮಧ್ಯವಾದವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಇದರ ಗಹನತೆ ಪೂರ್ವಸೂರಿಗಳ ಕಣ್ಣಿಗೆ ಬಿದ್ದಂತಿಲ್ಲ. ಕಾಲುವೆ 30 ಮೀಟರ್ ಅಗಲವಿದ್ದರೆ ನಡುವಿನಿಂದ ದಡಕ್ಕೇ 15 ಮೀಟರ್ ಖರ್ಚಾಗಿ, ದಡದಾಚೆ ಉಳಿಯುವುದು 35. ಕಾಲುವೆ 60 ಮೀಟರ್ ಆದರೆ ಉಳಿಯುವುದು 20. ಅಂದರೆ ನೀರು ಅಗಲವಾದಷ್ಟೂ ಅದಕ್ಕೆ ಸಿಗುವ ನೆಲ ಕಡಿಮೆ. ಇದೊಂದು ಶಿಸ್ತಿನ ಕ್ರಮ. ದೊಡ್ಡವರಾದ ಮೇಲೂ ಹರಡಿಕೊಳ್ಳಬಾರದೆಂಬ ಸಂಸ್ಕಾರ. ಅಗಲ ಸರಿಯಾಗಿ 100 ಮೀಟರ್ ಮುಟ್ಟಿದಾಗ ಬಫರ್ ಶೂನ್ಯವಾಗುತ್ತದೆ. ಅದನ್ನೂ ಮೀರಿದರೆ ಏನಾಗುತ್ತದೆ? ಇಲ್ಲಿಯೇ ಪ್ರಸ್ತುತ ಲೇಖಕನ ಮೂಲ ಸಂಶೋಧನೆ ಇರುವುದು. 120 ಮೀಟರ್ ಅಗಲದ ಕಾಲುವೆಯ ಬಫರ್ ಋಣ 10 ಮೀಟರ್. ಎಂದರೆ ಅಲ್ಲಿ ಮನೆ ಕಾಲುವೆಯನ್ನು ಒತ್ತುವರಿ ಮಾಡಿಲ್ಲ, ಕಾಲುವೆಯೇ ಮನೆಯವರ ಜಾಗವನ್ನು ಎರಡೂ ದಡದಲ್ಲಿ ಹತ್ತತ್ತು ಮೀಟರ್ ಒತ್ತುವರಿ ಮಾಡಿದೆ.

ಆಕ್ಷೇಪ: ಬೆಂಗಳೂರಿನಲ್ಲಿ 100 ಮೀಟರ್ ಅಗಲದ ರಾಜಕಾಲುವೆ ಎಲ್ಲಿದೆ ಸ್ವಾಮಿ? ಸಮಾಧಾನ: 2022ರ ಸೆಪ್ಟೆಂಬರಿನಲ್ಲಿ ಇತ್ತು. ಹೊರವರ್ತುಲ ರಸ್ತೆಯಲ್ಲಿ, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ಜನ ಅದನ್ನು ಪ್ರತ್ಯಕ್ಷ ಕಂಡಿದ್ದಾರೆ. ಸಾಫ್ಟ್‌ವೇರ್ ಎಂಜಿನಿಯರುಗಳು ಲ್ಯಾಪ್‌ಟಾಪ್ ಚೀಲವನ್ನು ಎದೆಗವಚಿಕೊಂಡು ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೋದರು; ವಿಲ್ಲಾ ಮಾಲೀಕರನ್ನು ದೋಣಿಯಲ್ಲಿ ಕರೆತಂದರು. ಆ ದಿನಗಳಲ್ಲಿ ನಿವಾಸಿಗಳು ಕಾಲುವೆಗೆ ನೋಟಿಸ್ ಕೊಡಬಹುದಾಗಿತ್ತು. ಏಳು ದಿನದಲ್ಲಿ ಉತ್ತರಿಸದಿದ್ದರೆ ತೆರವು. ಮಧ್ಯವಾದದ ಈ ಸೌಲಭ್ಯವನ್ನು ಯಾರೂ ಬಳಸಿಕೊಳ್ಳದಿರುವುದು ಶಾಸ್ತ್ರಾಧ್ಯಯನದ ಕೊರತೆಯೇ ಹೊರತು ಬೇರೇನಲ್ಲ.

ಹಾಗೆಂದು ಅಂಚುವಾದ ನಿರ್ದೋಷವೆಂದು ಹಿಗ್ಗಬೇಕಿಲ್ಲ. ಅಂಚಿನಿಂದ ಅಳೆಯುವುದಾದರೆ ಅಂಚನ್ನೇ ಒಳಗೆ ತಳ್ಳಿದರಾಯಿತು. ಮೊದಲು ಕಟ್ಟಡದ ಅವಶೇಷ ತಂದು ಸುರಿಯಬೇಕು; ಅದು ರಾತ್ರಿ ಎರಡರ ಸುಮಾರಿಗೆ ಸುರಿದರೆ ಹೆಚ್ಚು ಫಲ. ಆಮೇಲೆ ಮಣ್ಣು, ಅದರ ಮೇಲೊಂದು ಶೆಡ್ಡು, ಶೆಡ್ಡಿಗೊಂದು ವಿದ್ಯುತ್ ಮೀಟರು. ಅಂಚು ಸರಿದಂತೆ ಬಫರೂ ಹಿಂದೆಯೇ ಸರಿದು ಬರುತ್ತದೆ, ತಾಯಿಯ ಸೆರಗು ಹಿಡಿದ ಮಗುವಿನ ಹಾಗೆ. ಇಲ್ಲವಾದರೆ ಸರ್ಕಾರಿ ಖರ್ಚಿನಲ್ಲೇ ಎರಡು ಕಾಂಕ್ರೀಟ್ ಗೋಡೆ ಎಬ್ಬಿಸಿ ಹಳ್ಳವನ್ನು ಪೆಟ್ಟಿಗೆಯಾಗಿಸಬಹುದು. ಮೂರನೆಯ ಮಾರ್ಗವೊಂದಿದೆ, ಅದು ಶೂನ್ಯವಾದ. ಮೇಲೆ ಚಪ್ಪಡಿ ಹಾಸಿದರೆ ಕಾಲುವೆಗೆ ಮಧ್ಯವೂ ಇಲ್ಲ, ಅಂಚೂ ಇಲ್ಲ. ಪಾರ್ಕಿಂಗ್ ಒಂದೇ ಸತ್ಯ.

ಎರಡು ಪಂಥಗಳ ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. 2019ರ ಮಾರ್ಚ್ 5ರಂದು ಸಿದ್ಧಾಂತ ಹೊರಬಿತ್ತು: ಶಾಸನಬದ್ಧ ಮಾಸ್ಟರ್ ಪ್ಲಾನನ್ನು ತಿದ್ದುವ ಅಧಿಕಾರ ಹಸಿರು ನ್ಯಾಯಮಂಡಳಿಗೆ ಇಲ್ಲ, ಆದ್ದರಿಂದ 75 ಮೀಟರಿನ ಆದೇಶ ರದ್ದು. ಗಮನಿಸಿ, ಕೆರೆಗೆ ಎಷ್ಟು ನೆಲ ಬೇಕೆಂಬುದರ ಬಗ್ಗೆ ಈ ತೀರ್ಪು ಅಲ್ಲ. ಅದನ್ನು ಹೇಳುವವರು ಯಾರಾಗಿರಬೇಕೆಂಬುದರ ಬಗ್ಗೆ. 2016ರ ಮೇ 3ರಂದು 30 ಮೀಟರಿದ್ದ ಕೆರೆಯ ಬಫರು ಮರುದಿನ 75 ಆಗಿ, ಮೂರು ವರ್ಷದೊಳಗೆ ಮತ್ತೆ 30ಕ್ಕಿಳಿಯಿತು. ಕೆರೆ ಅಲ್ಲೇ ಇತ್ತು. ಅಷ್ಟರಲ್ಲಿ ಫ್ಲಾಟಿನ ಬೆಲೆ ಮಾತ್ರ ಒಮ್ಮೆ ಇಳಿದು ಒಮ್ಮೆ ಏರಿದ್ದಿರಬೇಕು. ಅರ್ಥಶಾಸ್ತ್ರ ನಮ್ಮ ವಿಷಯವಲ್ಲ.

ಇನ್ನು ಪ್ರಮಾಣ ವಿಚಾರ. ಒಂದು ಜಾಗದಲ್ಲಿ ಹಳ್ಳವಿದೆ ಎಂದು ತಿಳಿಯುವುದು ಹೇಗೆ? ಪ್ರತ್ಯಕ್ಷ ಪ್ರಮಾಣ ಮೂಗಿನಿಂದ. ಶಬ್ದ ಪ್ರಮಾಣ ಗ್ರಾಮ ನಕ್ಷೆಯಿಂದ ಮತ್ತು ಪಹಣಿಯಿಂದ; ಅಲ್ಲಿ ‘ಬಿ ಖರಾಬು’ ಎಂದು ಬರೆದಿದ್ದರೆ ಅದು ಹಳ್ಳ, ಕಾಲುವೆ, ದಾರಿ ಇತ್ಯಾದಿ ಸಾರ್ವಜನಿಕ ನೆಲ, ಯಾರ ಅಪ್ಪನದೂ ಅಲ್ಲ. ಶಬ್ದ ಪ್ರಮಾಣದ ಬಲ ಎಂಥದೆಂದು ತಿಳಿದದ್ದು 2016ರ ಆಗಸ್ಟಿನಲ್ಲಿ. ಪಾಲಿಕೆಯವರು ಹಳೆಯ ಗ್ರಾಮ ನಕ್ಷೆ ಹಿಡಿದು ಜೆಸಿಬಿ ಸಮೇತ ಬಂದಾಗ, ಮಂಜೂರಾದ ನಕ್ಷೆ, ಖಾತೆ, ಕಂದಾಯದ ರಸೀತಿ ಎಲ್ಲ ಕೈಯಲ್ಲಿ ಹಿಡಿದು ನಿಂತವರ ಮನೆಗಳೂ ಉರುಳಿದವು. ಎರಡೂ ಕಡೆಯ ಕಾಗದಕ್ಕೆ ಸರ್ಕಾರದ್ದೇ ಮೊಹರು. ಶ್ರುತಿಗೂ ಸ್ಮೃತಿಗೂ ವಿರೋಧ ಬಂದರೆ ಶ್ರುತಿಯೇ ಬಲವತ್ತರ ಎಂಬ ನಿಯಮ ಮನೆ ಕಟ್ಟುವವನಿಗೆ ಯಾರೂ ಹೇಳಿರಲಿಲ್ಲ. ಮಂಜೂರು ಮಾಡಿದವರಿಗಂತೂ ಹೇಳುವ ಅಗತ್ಯವೇ ಬೀಳಲಿಲ್ಲ. ಅವರ ಮನೆ ಬೇರೆ ಕಡೆ ಇತ್ತು.

ವ್ಯವಹಾರದಲ್ಲಿ ಎಲ್ಲಕ್ಕಿಂತ ಉಪಯುಕ್ತ ಪ್ರಮಾಣವೆಂದರೆ ಅನುಪಲಬ್ಧಿ. ಮೀಮಾಂಸಕರು ಒಪ್ಪಿದ ಪ್ರಮಾಣ ಇದು: ಒಂದು ವಸ್ತು ಕಾಣದಿದ್ದರೆ ಆ ಕಾಣದಿರುವಿಕೆಯೇ ಅದರ ಅಭಾವಕ್ಕೆ ಸಾಕ್ಷಿ. ಸ್ಥಳ ಪರಿಶೀಲನೆಯನ್ನು ಮಾರ್ಚ್ ತಿಂಗಳಲ್ಲಿ ಇಟ್ಟುಕೊಳ್ಳುವುದರ ಹಿಂದಿರುವ ದರ್ಶನ ಇದೇ.

ಕೆಲವರು ಕೇಳುತ್ತಾರೆ, ಇಷ್ಟೆಲ್ಲ ಯಾಕೆ, ಕೆರೆಗಳೆಲ್ಲ ಜೌಗು ಪ್ರದೇಶಗಳೇ ಅಲ್ಲವೆ, ಅವನ್ನು ಕಾಯಲು ಕೇಂದ್ರ ಸರ್ಕಾರದ ನಿಯಮಗಳಿವೆಯಲ್ಲ ಎಂದು. ಇವೆ, 2017ರವು. ಆದರೆ ಕುಡಿಯುವ ನೀರಿಗಾಗಿ ಮನುಷ್ಯರು ಕಟ್ಟಿದ ಕೆರೆಗಳನ್ನೂ ನೀರಾವರಿಗಾಗಿ ಕಟ್ಟಿದ ರಚನೆಗಳನ್ನೂ ಅವುಗಳ ವ್ಯಾಖ್ಯೆಯಿಂದ ಹೊರಗಿಡಲಾಗಿದೆ. ಬೆಂಗಳೂರಿನ ಕೆರೆಗಳು ಹೆಚ್ಚುಕಮ್ಮಿ ಎಲ್ಲವೂ ಕಟ್ಟಿದವೇ, ಅದೂ ಅಚ್ಚುಕಟ್ಟಿಗೆ ನೀರುಣಿಸಲು. ಬಾತುಕೋಳಿ ಈಜಲಿ, ಆಪು ಬೆಳೆಯಲಿ, ಕಾಲಿಟ್ಟರೆ ಮಂಡಿಯವರೆಗೆ ಹೂತುಹೋಗಲಿ, ಅದು ಜೌಗು ಎನಿಸಿಕೊಳ್ಳುವುದು ಕಷ್ಟ. ಕೆಂಪೇಗೌಡರು ಕಟ್ಟಿಸದೆ ತಾನಾಗಿ ಆಗಲು ಬಿಟ್ಟಿದ್ದರೆ ಈ ತೊಡಕು ಇರುತ್ತಿರಲಿಲ್ಲ.

ಕೆರೆಗಳ ಪುನರ್ಜನ್ಮದ ಪ್ರಕರಣವನ್ನು ಇಲ್ಲಿ ಸಂಕ್ಷೇಪಿಸಬಹುದು, ಯಾಕೆಂದರೆ ಅದಕ್ಕೆ ಪ್ರತ್ಯಕ್ಷ ಪ್ರಮಾಣ ಹೇರಳವಾಗಿದೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಗಿ ಹುಟ್ಟಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕರಗದ ಕಾಲಕ್ಕೆ ಬೇಕೆಂದು ಅದರ ತುಣುಕೊಂದು ಕೊಳವಾಗಿ ಉಳಿದಿದೆ. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಮೈದಾನವಾಯಿತು, ಶೂಲೆ ಕೆರೆ ಫುಟ್‌ಬಾಲ್ ಮೈದಾನವಾಯಿತು, ಚಲ್ಲಘಟ್ಟ ಕೆರೆ ಗಾಲ್ಫ್ ಅಂಗಳವಾಯಿತು, 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಬಂದವರು ಇಳಿದುಕೊಂಡ ಕ್ರೀಡಾಗ್ರಾಮ ಎದ್ದದ್ದು ಕೋರಮಂಗಲದ ಕೆರೆಯಂಗಳದಲ್ಲಿ. ಸತ್ತ ಕೆರೆಗಳಿಗೆ ಕ್ರೀಡೆಯ ವಾಸನೆ ಇಷ್ಟು ಗಾಢವಾಗಿ ಅಂಟಿಕೊಂಡಿರುವುದು ಏಕೆಂಬುದು ಪ್ರತ್ಯೇಕ ಸಂಶೋಧನೆಗೆ ಯೋಗ್ಯ. ಇಷ್ಟಾಗಿಯೂ ಈಜುವುದರಲ್ಲಿ ನಾವು ಹಿಂದೆ.

ತರ್ಕಶಾಸ್ತ್ರಕ್ಕೆ ಬೆಂಗಳೂರು ಕೊಟ್ಟ ಕಾಣಿಕೆಯನ್ನಂತೂ ಬಿಡಲಾಗದು. ನಮ್ಮ ನೈಯಾಯಿಕರು ಶತಮಾನಗಳಿಂದ ಮಕ್ಕಳಿಗೆ ಕಲಿಸುವ ಅನುಮಾನದ ಪಾಠವೊಂದಿದೆ: ಹೊಗೆಯಿರುವಲ್ಲಿ ಬೆಂಕಿ. ಅದಕ್ಕೆ ಒಪ್ಪುವ ಉದಾಹರಣೆ ಅಡುಗೆಮನೆ. ಬೆಂಕಿಯಿಲ್ಲದಲ್ಲಿ ಹೊಗೆಯೂ ಇಲ್ಲ ಎಂಬುದಕ್ಕೆ ಅವರು ಕೊಡುವ ಸಿದ್ಧ ಉದಾಹರಣೆ ದೊಡ್ಡ ಸರೋವರ. ಜಗತ್ತಿನಲ್ಲಿ ಎಂದೂ ಬೆಂಕಿ ಹತ್ತದ ವಸ್ತು ಯಾವುದೆಂದು ಯೋಚಿಸಿ ಯೋಚಿಸಿ ಆರಿಸಿದ ಉದಾಹರಣೆ ಅದು. 2017ರ ಫೆಬ್ರವರಿ 16ರಂದು ಬೆಳ್ಳಂದೂರು ಕೆರೆ ಹೊತ್ತಿಕೊಂಡು ಹೊಗೆಯೆದ್ದಿತು. ಮರುವರ್ಷ ಜನವರಿಯಲ್ಲಿ ಮತ್ತೆ ಹೊತ್ತಿದಾಗ ಆರಿಸಲು ಸೈನಿಕರೇ ಇಳಿಯಬೇಕಾಯಿತು. ಆವತ್ತಿನಿಂದ ಯಾವ ಪಾಠಶಾಲೆಯಲ್ಲೂ ಈ ಪಾಠವನ್ನು ಧೈರ್ಯವಾಗಿ ಹೇಳಿಕೊಡುವಂತಿಲ್ಲ. ಅಡುಗೆಮನೆಯ ಉದಾಹರಣೆ ಸದ್ಯಕ್ಕೆ ಗಟ್ಟಿಯಾಗಿದೆ.

ಗುರುಪರಂಪರೆಯನ್ನೂ ನೆನೆಯದಿದ್ದರೆ ದೋಷ ಬರುತ್ತದೆ. 1985ರಲ್ಲಿ ನೇಮಕಗೊಂಡ ಲಕ್ಷ್ಮಣರಾವ್ ಸಮಿತಿ, ಆಮೇಲೆ ಎ.ಟಿ. ರಾಮಸ್ವಾಮಿ ಸಮಿತಿ, ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಸಮಿತಿ, ಕೆ.ಬಿ. ಕೋಳಿವಾಡ ಸಮಿತಿ. ಪ್ರತಿಯೊಬ್ಬ ಆಚಾರ್ಯರೂ ಭಾಷ್ಯ ಬರೆದರು, ಪ್ರತಿಯೊಂದು ಭಾಷ್ಯವೂ ಬೀರು ಸೇರಿತು, ಬೀರುವಿನ ಬೀಗದ ಕೈ ಹಿಡಿದವರು ನಿವೃತ್ತರಾದರು. ಸುತ್ತ 30 ಮೀಟರ್ ಅಂತರದಲ್ಲಿ ಯಾರೂ ಸುಳಿಯದಂತೆ ಬಫರನ್ನು ಕಟ್ಟುನಿಟ್ಟಾಗಿ ಪಾಲಿಸಿಕೊಂಡು ಬಂದಿರುವುದು ಈ ಬೀರುಗಳ ವಿಷಯದಲ್ಲಿ ಮಾತ್ರ.

ಇತ್ತೀಚಿನ ಬೆಳವಣಿಗೆ ತಾರತಮ್ಯವಾದ. 2025ರಲ್ಲಿ ವಿಧಾನಮಂಡಲದ ಮುಂದೆ ಬಂದ ಕೆರೆ ಪ್ರಾಧಿಕಾರದ ತಿದ್ದುಪಡಿ ಮಸೂದೆಯ ಪ್ರಕಾರ ಎಲ್ಲ ಕೆರೆಗಳೂ ಸಮವಲ್ಲ. ನೂರು ಎಕರೆ ಮೀರಿದವಕ್ಕೆ 30 ಮೀಟರ್, ಅದಕ್ಕಿಂತ ಚಿಕ್ಕವಕ್ಕೆ ಅವುಗಳ ಯೋಗ್ಯತೆಗೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಕಡಿಮೆ. ಚಿಕ್ಕ ಕುಂಟೆಗೆ ಅಷ್ಟಗಲ ಬಫರ್ ಯಾಕೆ ಎಂಬುದು ಪೂರ್ವಪಕ್ಷಿಯ ವಾದ. ಅದರಲ್ಲಿ ಅಡಗಿರುವ ಸೊಗಸು ಬೇರೆ. ನೂರಾ ಒಂದು ಎಕರೆಯ ಕೆರೆಯ ಪಕ್ಕದಲ್ಲಿ ಸೈಟಿರುವವನು ಇನ್ನು ಬಫರನ್ನು ಒತ್ತುವರಿ ಮಾಡುವ ಪಾಪ ಕಟ್ಟಿಕೊಳ್ಳಬೇಕಾಗಿಲ್ಲ. ಕೆರೆಯನ್ನೇ ಒಂದೆರಡು ಎಕರೆ ಒತ್ತಿದರೆ ಸಾಕು. ಕೆರೆ ಕೆಳಗಿನ ಮೆಟ್ಟಿಲಿಗೆ ಇಳಿಯುತ್ತದೆ, ಅದರ ಸುತ್ತಳತೆಯುದ್ದಕ್ಕೂ ಎಲ್ಲರ ಸೈಟುಗಳೂ ಒಂದೇ ಏಟಿಗೆ ಕ್ರಮಬದ್ಧವಾಗುತ್ತವೆ. ಒಬ್ಬನ ಶ್ರಮ, ಸರ್ವರಿಗೂ ಫಲ. ಯಜ್ಞವೆಂದರೆ ಇದೇ.

ಕೊನೆಯದಾಗಿ ಒಂದು ದೋಷ ಉಳಿಯುತ್ತದೆ, ಅದಕ್ಕೆ ಪರಿಹಾರ ಈ ಲೇಖಕನಿಗೂ ಹೊಳೆದಿಲ್ಲ. ಕೆರೆಯನ್ನು ಕಾಯಲು ಬಫರ್ ಬೇಕು, ಒಪ್ಪೋಣ. ಆದರೆ ಕಂಡಂತೆ ಒತ್ತುವರಿಯಾಗುವುದು ಮೊದಲು ಬಫರೇ. ಆದ್ದರಿಂದ ಬಫರನ್ನು ಕಾಯಲು ಇನ್ನೊಂದು ಬಫರ್ ಬೇಕು. ಅದನ್ನು ಕಾಯಲು ಮತ್ತೊಂದು. ತಾರ್ಕಿಕರು ಇದನ್ನು ಅನವಸ್ಥಾ ದೋಷ ಎನ್ನುತ್ತಾರೆ. ಬೆಳ್ಳಂದೂರಿನಿಂದ ಶುರುಮಾಡಿ ಬಫರಿನಾಚೆ ಬಫರು ಎಣಿಸುತ್ತ ಕೋಡಿಯ ದಾರಿಯಲ್ಲೇ ಹೋದರೆ ವರ್ತೂರು ದಾಟುತ್ತದೆ, ದಕ್ಷಿಣ ಪಿನಾಕಿನಿ ಸಿಗುತ್ತದೆ, ನೊರೆಯ ಜೊತೆಜೊತೆಗೇ ನಾವೂ ಹೊಸೂರು ಮುಟ್ಟುತ್ತೇವೆ. ಅದಾಗಲೇ ತಮಿಳುನಾಡು. ಆ ನೀರಿನ ವ್ಯಾಜ್ಯವೇ ಬೇರೆ, ಅದರ ವಕೀಲರೇ ಬೇರೆ, ಅವರ ಫೀಸು ಮೀಟರಿನ ಲೆಕ್ಕದಲ್ಲಿಲ್ಲ.