ಹನ್ನೆರಡು ತಿಂಗಳೂ ಸೀಸನ್ನು

ಊಟಿಗೆ ಏಪ್ರಿಲ್-ಮೇ, ಕೊಡಗಿಗೆ ಮಳೆ ನಿಂತ ಮೇಲೆ, ಚಿಕ್ಕಮಗಳೂರಿಗೆ ಶನಿವಾರ-ಭಾನುವಾರ. ಪಾಪ, ಆ ಬೆಟ್ಟಗಳಿಗೆಲ್ಲ ಒಂದೊಂದೇ ಹಂಗಾಮು. ನಮ್ಮ ಗಂಗಾವತಿ ತಾಲ್ಲೂಕಿನ ಅಂಜನಾದ್ರಿಗೆ ಅಂಥ ಬಡತನವಿಲ್ಲ. ಹೆಂಡತಿ ಮಕ್ಕಳ ಸಮೇತ ಬಂದವರನ್ನು ವಿಚಾರಿಸಿಕೊಳ್ಳಲು ಇಲ್ಲಿ ಪ್ರತಿಯೊಂದು ಕಾಲವೂ ತಯಾರಾಗಿ ನಿಂತಿರುತ್ತದೆ.

ಮೊದಲು ಬೇಸಿಗೆ. ಮಕ್ಕಳಿಗೆ ಸೂಟಿ ಸಿಗುವುದು ಆಗಲೇ, ಪಾರಾ ನಲವತ್ತು ದಾಟುವುದೂ ಆಗಲೇ. ಗುಡಿಗೆ 575 ಮೆಟ್ಟಿಲು. ಬೇರೆ ಗಿರಿಧಾಮಗಳಲ್ಲಿ ಮೇಲೇರಿದಷ್ಟೂ ತಂಪು. ಇಲ್ಲಿ ಮೇಲೇರಿದಷ್ಟೂ ಸೂರ್ಯ ಹತ್ತಿರ. ಹನುಮ ಹುಟ್ಟಿದ್ದು ಈ ಬೆಟ್ಟದಲ್ಲೇ ಎಂದು ನಾವು ನಂಬಿದ್ದರೆ, ತಮ್ಮ ತಿರುಮಲದಲ್ಲೇ ಎಂದು ತಿರುಪತಿಯವರು 2021ರ ರಾಮನವಮಿಯಂದು ಸಾರಿದರು. ನಾಸಿಕದವರು ತಮ್ಮ ಅಂಜನೇರಿ ಬೆಟ್ಟವನ್ನು ಮುಂದಿಟ್ಟರು. ನಮ್ಮವರು ಪುರಾಣದ ಪುಟ ತಿರುವುತ್ತ ಕೂತರು. ಅದರ ಬದಲು ಎದುರಾಳಿಗಳನ್ನು ಮೇ ತಿಂಗಳ ಮಧ್ಯಾಹ್ನ ಬರಿಗಾಲಲ್ಲಿ ಮೆಟ್ಟಿಲು ಹತ್ತಿಸಿದ್ದರೆ ಸಾಕಿತ್ತು. ಕೂಸು ಹನುಮಪ್ಪ ಸೂರ್ಯನನ್ನು ಹಣ್ಣೆಂದು ತಿಳಿದು ಕೈಚಾಚಿದ್ದು ಎಲ್ಲಿಂದ ಎಂಬ ಬಗ್ಗೆ ಯಾರಿಗೂ ಅನುಮಾನ ಉಳಿಯುತ್ತಿರಲಿಲ್ಲ.

ಅರ್ಧ ದಾರಿಯಲ್ಲಿ ಬಂಡೆಗೆ ಒರಗಿ ಕೂತ ಅಜ್ಜಿ, ಇಳಿದು ಬರುವ ಹುಡುಗನನ್ನು ಕೇಳುತ್ತಾಳೆ: “ಯಪ್ಪಾ, ಇನ್ನ ಎಷ್ಟ ಮೆಟ್ಲ ಅದಾವೋ?” ಅವನು ನಿಲ್ಲದೆ ಹೇಳುತ್ತಾನೆ: “ಬಂದ ಬಿಡ್ತ ಬೇ, ಇನ್ನೊಂದ ಹತ್ತ.” ಅಷ್ಟರಲ್ಲಿ ಮಂಗವೊಂದು ಅಜ್ಜಿಯ ಕೈಚೀಲದಿಂದ ಬಾಳೆಹಣ್ಣಿನ ಜೊತೆ ಮಂಡಿನೋವಿನ ಗುಳಿಗೆಯನ್ನೂ ಎತ್ತಿಕೊಂಡು ಹೋಗುತ್ತದೆ. ಮೂರು ಕಡೆ ಹುಟ್ಟಿದವನ ವಂಶಸ್ಥರು, ತಡೆಯುವವರು ಯಾರು?

ಇಳಿಯುವವರು ಏರುವವರಿಗೆ ಹೇಳುವ ಈ ಸಮಾಧಾನವೇ ಸರ್ಕಾರದ ಪ್ರವಾಸೋದ್ಯಮ ನೀತಿ. ರೋಪ್‌ವೇ? ಬಂದ ಬಿಡ್ತು. 2022ರ ಬಜೆಟ್ಟಿನಲ್ಲಿ ಅಂಜನಾದ್ರಿಗೆ 100 ಕೋಟಿ ಎಂದರು. ಮರುವರ್ಷ ಸರ್ಕಾರವೇ ಬದಲಾಯಿತು, ಭರವಸೆ ಮಾತ್ರ ಬದಲಾಗಲಿಲ್ಲ. ಕಾಗದದ ಮೇಲೆ ತೊಟ್ಟಿಲು ಎಷ್ಟು ಸಲ ಮೇಲಕ್ಕೆ ಹೋಗಿ ಬಂತೋ, ಆ ಹನುಮಪ್ಪನೇ ಬಲ್ಲ.

ಮಳೆಗಾಲದ ಸೊಗಸೇ ಬೇರೆ. ತುಂಗಭದ್ರೆ ತುಂಬಿದರೆ ಮುನಿರಾಬಾದಿನ ಅಣೆಕಟ್ಟೆಯ ಗೇಟು ನೋಡಲು ಟಂಟಂ ತುಂಬ ಜನ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟೇ ಕೊಚ್ಚಿಹೋಯಿತು. ಗೇಟು ನೋಡಲು ಬಂದವರಿಗೆ ಗೇಟಿಲ್ಲದ ಕಿಂಡಿಯ ದರ್ಶನ. ನೀರು ಹೆಚ್ಚಿಗೆ ಬಿಟ್ಟರೆ ಕಂಪ್ಲಿ ಸೇತುವೆ ಬಂದ್. ಆನೆಗುಂದಿಯ ಬಳಿ ನದಿ ನಡುವಿರುವ ನವವೃಂದಾವನದ ಒಂಬತ್ತು ಯತಿಗಳಿಗೆ ಮಾತ್ರ ಭಕ್ತರ ಗದ್ದಲವಿಲ್ಲದ ಏಕಾಂತ.

ಚಳಿಗಾಲಕ್ಕೆ ಡಿಸೆಂಬರಿನ ಹನುಮಮಾಲೆ. ಕೇಸರಿ ಉಟ್ಟ ಸಾವಿರಾರು ಮಂದಿಯ ನಡುವೆ ನಿಮ್ಮ ಮಗ ಕಳೆದುಹೋದರೆ ಗುರುತು ಹೇಳುವುದೇ ಕಷ್ಟ. ಎಲ್ಲರೂ ಒಂದೇ ಬಣ್ಣ. ಅದು ಮುಗಿಯುತ್ತಲೇ ಹೊಸ ವರ್ಷಕ್ಕೆ ಬೆಂಗಳೂರಿನ ಕಾರುಗಳು. ಆ ಕಾರಿನವರು ತಂಗುತ್ತಿದ್ದ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು 2020ರಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ನೆಲಸಮವಾದವು. ವ್ಯಾಪಾರ ನೆಲಸಮವಾದೀತೆ? ಸಣಾಪುರದ ಭತ್ತದ ಗದ್ದೆಗಳ ಬದಿಗೆ ಬಂದು ‘ಹೋಂಸ್ಟೇ’ ಎಂದು ಹೆಸರಿಟ್ಟುಕೊಂಡಿತು.

ಕೊಪ್ಪಳ ಜಿಲ್ಲೆಯ ಉಳಿದ ತಾಲ್ಲೂಕಿನವರು ಮುನಿಸಿಕೊಳ್ಳಬಾರದು. ಕುಷ್ಟಗಿಗೆ ಕಬ್ಬರಗಿಯ ಕಪಿಲತೀರ್ಥವಿದೆ: ಮಳೆ ಬಂದರೆ ಜಲಪಾತ, ಬಾರದಿದ್ದರೆ ಬರೀ ತೀರ್ಥ. ಹಳೇ ಯಲಬುರ್ಗಾ ತಾಲ್ಲೂಕಿನ ಇಟಗಿಯಲ್ಲಿ 1112ರ ಮಹಾದೇವ ದೇಗುಲವಿದೆ. ಶಾಸನವೇ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಹೊಗಳಿದೆ. ಚಕ್ರವರ್ತಿಯ ದರ್ಶನಕ್ಕೆ ದಿನಕ್ಕೆಷ್ಟು ಬಸ್ಸು ಎಂದು ಮಾತ್ರ ಕೇಳಬೇಡಿ. ನಮ್ಮ ತಾಲ್ಲೂಕಿನದೇ ಆದ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಬೃಹತ್ ಶಿಲಾಯುಗದ ಜನ ಸತ್ತವರಿಗೆ ಕಟ್ಟಿದ ಕಲ್ಮನೆಗಳಿವೆ. ಸತ್ತವರಿಗೆ ನೆರಳು ಮಾಡಿಕೊಡಬೇಕೆಂಬ ತಿಳಿವಳಿಕೆ ಅವರಿಗಿತ್ತು. ಬದುಕಿರುವ ಯಾತ್ರಿಕರಿಗೆ ಮಾಡಿಕೊಡಬೇಕೆಂಬುದು ನಮಗೆ ಹೊಳೆಯುತ್ತಿಲ್ಲ.

ಕೊಪ್ಪಳದ ಗವಿಮಠದ ಗುಡ್ಡದಲ್ಲಿ, ಪಾಲ್ಕಿಗುಂಡಿನಲ್ಲಿ ಅಶೋಕ ಚಕ್ರವರ್ತಿ ಬಂಡೆಯ ಮೇಲೆ ಬರೆಸಿಟ್ಟಿದ್ದಾನೆ. ದೊಡ್ಡವರಿಗೆ ಮಾತ್ರವಲ್ಲ, ಶ್ರಮಪಟ್ಟರೆ ಸಣ್ಣವರಿಗೂ ಸ್ವರ್ಗ ಸಿಗುತ್ತದೆ ಎಂಬುದು ಅದರ ಸಾರಾಂಶ. ಅವನು ಹೇಳಿದ್ದು ಧರ್ಮದ ಮಾತು. ಎರಡು ಸಾವಿರ ವರ್ಷ ದಾಟಿದ ಮೇಲೆ ನಮ್ಮ ಇಲಾಖೆಗಳು ಅದನ್ನು ಅಕ್ಷರಶಃ ಜಾರಿಗೆ ತಂದಿವೆ: ದೊಡ್ಡವರಿಗೆ ಬೆಂಗಾವಲು, ಸಣ್ಣವರಿಗೆ ಶ್ರಮ.

ಅಂಜನಾದ್ರಿಗೆ ಜಾಹೀರಾತು ಬೇಕಿಲ್ಲ. ಯಾರೂ ಕರೆಯದಿದ್ದರೂ ಜನ ಬರುತ್ತಾರೆ. ಅಜ್ಜಿಯನ್ನು ಎತ್ತಿಕೊಂಡಾದರೂ ಬರುತ್ತಾರೆ. ರೋಪ್‌ವೇ ಬರುವಾಗ ಬರಲಿ. ಅಲ್ಲಿಯತನಕ ನೂರು ಮೆಟ್ಟಿಲಿಗೊಂದು ನೆರಳು, ಒಂದು ನಲ್ಲಿ, ನಲ್ಲಿಯಲ್ಲಿ ನೀರು, ಹೆಣ್ಣುಮಕ್ಕಳು ಮೂಗು ಮುಚ್ಚಿಕೊಳ್ಳದೆ ಹೋಗಿಬರುವ ಶೌಚಾಲಯ, ಇಷ್ಟಾಗಲಿ. ಇದಕ್ಕೆ ನೂರು ಕೋಟಿ ಬೇಡ. ಮುಂದಿನ ಬಜೆಟ್ಟಿಗೆ ಮೊದಲು ಸಂಬಂಧಪಟ್ಟ ಸಚಿವರು ಮೇ ತಿಂಗಳಲ್ಲೊಮ್ಮೆ ತಮ್ಮ ಅತ್ತೆಯವರನ್ನು ಕರೆದುಕೊಂಡು ಬರಿಗಾಲಲ್ಲಿ ಬೆಟ್ಟ ಹತ್ತಿದರೆ ಸಾಕು, ಎಲ್ಲ ಕಾಮಗಾರಿಯೂ ಮಳೆಗಾಲದೊಳಗೆ ಮುಗಿಯುತ್ತದೆ.