ಯಾರ ಪೈಕಿ?

ರಾಮಸಮುದ್ರದ ನಮ್ಮ ಮನೆಗೆ ಯಾರೇ ಬರಲಿ, ನೀರಿನ ಚರಿಗೆಗಿಂತ ಮೊದಲು ಆಯಿಯ ಪ್ರಶ್ನೆ ಬರುತ್ತಿತ್ತು: “ಯಾರ ಪೈಕಿ ನೀ?” ಹೆಸರು ಹೇಳಿದರೆ ಸಾಲದು. ಅಡ್ಡಹೆಸರು, ಅಪ್ಪನ ಊರು, ಅವ್ವನ ತವರು, ಅಕ್ಕನನ್ನು ಕೊಟ್ಟ ಮನೆ, ಎಲ್ಲ ಒಪ್ಪಿಸಿದ ಮೇಲೆಯೇ ಚಹಾ. ಗ್ಯಾಸ್ ಸಿಲಿಂಡರ್ ತಂದ ಹುಡುಗ ಅರ್ಧ ತಾಸಿನಲ್ಲಿ ನಮಗೆ ಸೋದರಮಾವನಾಗಿ, ರೊಟ್ಟಿ ಪುಂಡಿಪಲ್ಯ ಉಂಡು ಎದ್ದ. ಊರವರ ಸಿಲಿಂಡರುಗಳು ಅಲ್ಲಿಯವರೆಗೆ ಬಿಸಿಲು ಕಾಯಿಸುತ್ತಿದ್ದವು.

ಆಯಿ ಹುಟ್ಟಿದ್ದು ರಜಾಕಾರರ ಗದ್ದಲದಲ್ಲಿ. ಆಮೇಲೆ ನಿಜಾಮ ಹೋದ, 1956ರಲ್ಲಿ ಮೈಸೂರು ರಾಜ್ಯ ಬಂತು, 1973ರಲ್ಲಿ ಅದು ಕರ್ನಾಟಕವಾಯಿತು, 2009ರ ಕೊನೆಗೆ ಗುಲಬರ್ಗಾ ಬಿಟ್ಟು ಯಾದಗಿರಿಯೇ ಜಿಲ್ಲೆಯಾಯಿತು. ಆಯಿಯ ಭೂಗೋಳ ಮಾತ್ರ ಬೇರೆ. ಶಹಾಪುರವೆಂದರೆ ನಡುವಿನ ನಾದಿನಿಯ ಮನೆ. ಬ್ರಿಟಿಷರ ವಿರುದ್ಧ ಎದ್ದ ಸುರಪುರದ ವೆಂಕಟಪ್ಪ ನಾಯಕರ ಕಥೆ ತೆಗೆದರೆ, “ಹೌದಪ್ಪ, ಅಲ್ಲೇ ನಮ್ಮ ಚಿಗವ್ವನ ಮಗಳ್ನ ಕೊಟ್ಟದ” ಎನ್ನುವಳು. ಮೈಲಾಪುರ ಜಾತ್ರೆಯಲ್ಲಿ ಜನ ಮಲ್ಲಯ್ಯನ ದರ್ಶನಕ್ಕೆ ಸಾಲು ಹಚ್ಚಿದರೆ, ಇವಳು ಸಾಲಿನಲ್ಲಿ ನಿಂತವರ ಮೂಲ ಹುಡುಕುತ್ತಿದ್ದಳು.

ಆಯಿಗೆ ಸರಿಸಾಟಿ ಎಂದರೆ ಹೆಳವ. ಕೆಲವು ವರ್ಷಕ್ಕೊಮ್ಮೆ ಎತ್ತಿನೊಂದಿಗೆ, ಗಂಟೆ ಬಾರಿಸುತ್ತ ಬಂದು, ಹೊತ್ತಿಗೆ ಬಿಚ್ಚಿ ನಮ್ಮ ವಂಶಾವಳಿಯನ್ನು ಮೂಲಪುರುಷನಿಂದ ರಾಗವಾಗಿ ಹಿಡಿಯುವನು. ಆಯಿ ಜೋಳದ ಮೊರ ಮುಂದಿಟ್ಟುಕೊಂಡು, ಕಣ್ಣು ಮುಚ್ಚಿ, ತಪ್ಪಿಗಾಗಿ ಹೊಂಚು ಹಾಕಿ ಕೂಡುವಳು.

“ತಡಿ ತಮ್ಮಾ. ಮೂರು ಗಂಡಸ್ಮಕ್ಕಳು ಅಂದಿ. ನಾಕು ಹೆಣ್ಮಕ್ಕಳು ಎಲ್ಲಿ ಹೋದ್ರು?”

“ಅವ್ರು ಕೊಟ್ಟ ಮನಿ ಹೊತ್ತಿಗ್ಯಾಗ ಬರ್ತಾರ ಆಯಿ.”

“ಹಂಗಾರ ಏಳು ಸೇರು ಜ್ವಾಳದಾಗ ನಾಕು ಸೇರು ಅಲ್ಲೇ ಇಸ್ಕೋ ಹೋಗು.”

ಅವನು ಪೆನ್ನು ತೆಗೆದ. ನಾಲ್ವರನ್ನೂ, ಅವರನ್ನು ಕೊಟ್ಟ ಊರುಗಳನ್ನೂ, ಒಬ್ಬಳಿಗೆ ಹುಟ್ಟಿದ ಅವಳಿ ಮಕ್ಕಳನ್ನೂ ಬರೆಸಿದ ಮೇಲೆಯೇ ಮೊರ ಮುಂದೆ ಸರಿದದ್ದು. ನನಗೆ ಈಗಲೂ ಆ ವ್ಯವಹಾರ ನ್ಯಾಯವಾಗಿಯೇ ಕಾಣುತ್ತದೆ.

2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆಯಾಯಿತಲ್ಲ, ಆಯಿಗೆ ರೆಕ್ಕೆ ಬಂತು. ಕಂಡಕ್ಟರ್ ಆಧಾರ್ ಕೇಳಿದರೆ ಮುತ್ತಜ್ಜನಿಂದ ಶುರು ಮಾಡುವಳು. ಕಾರ್ಡು ಚೀಲದಲ್ಲೇ ಇರುತ್ತಿತ್ತು, ತೆಗೆಯುವುದು ಅವಮಾನ. ಒಮ್ಮೆ ಯಾದಗಿರಿ ಮುಟ್ಟುವಷ್ಟರಲ್ಲಿ ಕಂಡಕ್ಟರೇ ತನ್ನ ಅಜ್ಜಿಯ ತವರು ನೆನಪಾಗದೆ ಮನೆಗೆ ಫೋನ್ ಹಚ್ಚಿದ್ದ.

ಆಯಿ ಹೋದಮೇಲೆ, ಸುಗ್ಗಿಯಲ್ಲಿ ಹೆಳವ ಬಂದ. ಅಪ್ಪ ಮೊರ ತಂದಿಟ್ಟ. ಹೆಳವ ಅದರ ಕಡೆ ನೋಡಲೂ ಇಲ್ಲ. ಹೊತ್ತಿಗೆಯಲ್ಲಿ ಆಯಿಯ ಹೆಸರಿನ ಮೇಲೆ ಬೆರಳಿಟ್ಟು ಕೇಳಿದ:

“ಹೆಣ್ಮಕ್ಕಳ ಕಡೀದೂ ಬರೀಬೇಕಂತ ಆಯಿದೇ ಕಾಯ್ದೆ ಅದರೀ. ಆಯಿ ಅವ್ವನ ತವರು ಯಾವೂರು?”

ಅಣ್ಣ ಅಪ್ಪನ ಮುಖ ನೋಡಿದ. ಅಪ್ಪ ಎತ್ತಿನ ಮುಖ ನೋಡಿದ.