ಊಟಿ ಕುದುರೆ ಚಿಕ್ಕಪ್ಪ

ಮೈಸೂರು ಸೀಮೆಯಲ್ಲಿ ಯಾವ ಮನೆತನ ತೆಗೆದುಕೊಂಡರೂ ಚಿಕ್ಕಂದಿನಲ್ಲಿ ಊಟಿಗೆ ಹೋಗಿ ಕುದುರೆ ಹತ್ತಿದ ಚಿಕ್ಕಪ್ಪ ಒಬ್ಬರು ಇದ್ದೇ ಇರುತ್ತಾರೆ. ಸಾಕ್ಷಿಗೆ ಆಲ್ಬಮ್ಮಿನಲ್ಲಿ ಫೋಟೊ ಉಂಟು: ಮಂಕಿ ಕ್ಯಾಪಿನೊಳಗೆ ಅಳುಮುಖದ ಹುಡುಗ, ಅವನ ಕೆಳಗೆ ಕಂದು ತಟ್ಟು, ಹಿಂದೆ ಕೆರೆ. ಅಂಚಿನಲ್ಲಿ ಲಗಾಮು ಹಿಡಿದುಕೊಂಡಿರುವ ಬೇರೆ ಯಾರದೋ ಕೈಯೂ ಇದೆ. ಫೋಟೊ ತೋರಿಸುವಾಗ ಚಿಕ್ಕಪ್ಪನ ಹೆಬ್ಬೆರಳು ಸರಿಯಾಗಿ ಆ ಕೈಯ ಮೇಲೇ ಕೂರುತ್ತದೆ.

ನಡೆದದ್ದು ಇಷ್ಟೇ: ಕಲೆಕ್ಟರ್ ಜಾನ್ ಸಲಿವನ್ 1820ರ ದಶಕದಲ್ಲಿ ಕಟ್ಟಿಸಿದ ಕೆರೆಯ ಬದಿಯಲ್ಲಿ, ಬೋಟ್ ಹೌಸ್ ಹತ್ತಿರ, ಒಂದು ಪುಟ್ಟ ಸುತ್ತು. ಆದರೆ ಚಿಕ್ಕಪ್ಪನ ಮದುವೆಯ ಹೊತ್ತಿಗೆ ಆ ಸುತ್ತು ರೇಸ್ ಕೋರ್ಸ್ ಮುಟ್ಟಿತ್ತು. ಮಕ್ಕಳು ಶಾಲೆಗೆ ಸೇರುವಾಗ 2,637 ಮೀಟರ್ ಎತ್ತರದ ದೊಡ್ಡಬೆಟ್ಟ ಏರಿತು. ನಿವೃತ್ತಿಯ ನಂತರವಂತೂ ಕುದುರೆ ಇಳಿದೇ ಇಲ್ಲ. ತಟ್ಟಿಗೆ ಆಗ ಇದ್ದ ಹೆಸರು ಏನೋ, ಈಗ ಅದು ಚೇತಕ್. ರೇಸ್ ಕೋರ್ಸಿನ ಜಾಗವನ್ನು ತಮಿಳುನಾಡು ಸರ್ಕಾರ 2024ರಲ್ಲಿ ಹಿಂದಕ್ಕೆ ಪಡೆದ ಸುದ್ದಿ ಓದಿದಾಗಲೂ, “ನಮ್ಮ ಚೇತಕ್ ಇದ್ದಿದ್ದರೆ ಬಿಡ್ತಿತ್ತೇನೋ!” ಅಂದವರು ಅವರು.

ಇಂಥವರ ಜೊತೆ ಊಟಿ ಪ್ರವಾಸವೆಂದರೆ ಗುಂಡ್ಲುಪೇಟೆಯಲ್ಲೇ ಕಥೆ ಶುರು. ಬಂಡೀಪುರದಲ್ಲಿ ಆನೆ ಕಂಡರೆ, “ಇದೇನು ಎತ್ತರ ಬಿಡೋ” ಅನ್ನುತ್ತಾರೆ. ಮಸಿನಗುಡಿ ದಾಟಿ ಕಲ್ಹಟ್ಟಿ ಘಾಟಿಯ 36 ತಿರುವುಗಳಲ್ಲಿ ಹಿಂದಿನ ಸೀಟಿನವರು ನಿಂಬೆಹಣ್ಣು ಮೂಸುತ್ತಿದ್ದರೆ, “ಚೇತಕ್ ಒಂದೇ ಉಸಿರಿಗೆ ಹತ್ತಿಬಿಡ್ತಿತ್ತು” ಎನ್ನುತ್ತಾರೆ. ಚಿಕ್ಕಮ್ಮ ಕಿಟಕಿಯಾಚೆ ನೋಡುತ್ತಾ, “ಈಗ ಹತ್ತಿಸಿಕೊಳ್ಳೋಕೆ ಅದೂ ಒಪ್ಪಬೇಕಲ್ಲ” ಅಂತಾರೆ.

ಊಟಿಯ ಕುದುರೆಯವರಿಗೆ ಈ ಜಾತಿಯ ಗಿರಾಕಿ ದೂರದಿಂದಲೇ ಗೊತ್ತಾಗುತ್ತದೆ. ಚಿಕ್ಕಪ್ಪ ತಟ್ಟಿನ ಹಣೆ ಸವರಿ ಕಣ್ಣೀರು ಹಾಕುವುದೇ ತಡ, “ಹೌದು ಸಾರ್, ನೀವು ಹತ್ತಿದ ಕುದುರೆಯ ಮೊಮ್ಮಗಳೇ ಇವಳು” ಎಂದು ಮುದ್ದಾದ ಕನ್ನಡದಲ್ಲಿ ಹೇಳುತ್ತಾರೆ. ಹಿಂದೆ ನಿಂತ ಕೊಚ್ಚಿಯ ಮಾವನಿಗೆ ಅದೇ ವಂಶಾವಳಿ ಮಲಯಾಳದಲ್ಲಿ ಸಿಗುತ್ತದೆ. ವಂಶ ಖಚಿತವಾದ ಮೇಲೆ ಬಾಡಿಗೆಯ ಮಾತು. ಅಷ್ಟು ಹೊತ್ತು ಹರಿದ ಪ್ರೀತಿ ಐವತ್ತು ರೂಪಾಯಿಯ ಚೌಕಾಶಿಯಲ್ಲಿ ಗಕ್ಕನೆ ನಿಲ್ಲುತ್ತದೆ. ಕೊನೆಗೆ ಅರ್ಧ ಸುತ್ತಿಗೆ ಒಪ್ಪಂದವಾಗಿ, ಚಿಕ್ಕಪ್ಪ ರಿಕಾಪಿಗೆ ಕಾಲಿಡುತ್ತಾರೆ. ಜೀನು ಒಂದು ಕಡೆ ವಾಲುತ್ತದೆ, ಚೇತಕ್ಕಿನ ಮೊಮ್ಮಗಳು ಇನ್ನೊಂದು ಕಡೆ. ಫೋಟೊ ಬೇಗ ತೆಗೆಯಿರೋ ಎಂದು ಮಕ್ಕಳ ಮೇಲೆ ರೇಗುತ್ತಾರೆ.

ಅಲ್ಲಿಂದ ಇಳಿದು ಬಿಸಿ ಬಜ್ಜಿ ತಿನ್ನಲು ಹೋಗುವ ದಾರಿಯಲ್ಲಿ ಇನ್ನೊಂದಷ್ಟು ಕುದುರೆಗಳು ಸಿಗುತ್ತವೆ. ಇವಕ್ಕೆ ಜೀನಿಲ್ಲ, ಜೊತೆಗೆ ಯಾರೂ ಇಲ್ಲ. ಗಿರಾಕಿಯಿಲ್ಲದ ಕಾಲದಲ್ಲಿ, ವಯಸ್ಸಾದ ಮೇಲೆ, ಕಾಲು ಕುಂಟಾದ ಮೇಲೆ ಬೀದಿಗೆ ಬಿಟ್ಟವು. ಮಾರುಕಟ್ಟೆಯ ಕಸದಲ್ಲಿ ಪ್ಲಾಸ್ಟಿಕ್ಕಿನ ಸಮೇತ ಸೊಪ್ಪು ತಿನ್ನುತ್ತವೆ, ವಾಹನಗಳಿಗೆ ಸಿಕ್ಕಿ ಪೆಟ್ಟಾಗುತ್ತವೆ. ಅಷ್ಟು ಹೊತ್ತು ಚೇತಕ್ ಚೇತಕ್ ಎಂದವರು ಇಲ್ಲಿ ಹಾರ್ನ್ ಹೊಡೆಯುತ್ತಾರೆ: “ಏ, ಪಕ್ಕಕ್ಕೆ ಹೋಗೇ!” ಇಂಥವುಗಳಲ್ಲಿ ಕೆಲವಕ್ಕಾದರೂ ಚಿಕಿತ್ಸೆ, ಆಸರೆ ಕೊಡುವ ‘ಇಂಡಿಯಾ ಪ್ರಾಜೆಕ್ಟ್ ಫಾರ್ ಅನಿಮಲ್ಸ್ ಅಂಡ್ ನೇಚರ್’ ಇರುವುದು ಮಸಿನಗುಡಿ ಬಳಿಯ ಮಾವನಲ್ಲದಲ್ಲಿ. ಚಿಕ್ಕಪ್ಪ ಚೇತಕ್ಕಿನ ಶೌರ್ಯ ವರ್ಣಿಸುತ್ತಾ ದಾಟಿ ಬಂದದ್ದು ಅದೇ ಸೀಮೆಯನ್ನೇ.

ಬಾಲ್ಯದ ಕುದುರೆಯನ್ನು ಪ್ರೀತಿಸುವುದು ಸುಲಭ. ಅದಕ್ಕೆ ಹುಲ್ಲು ಬೇಡ, ಲಾಳ ಬೇಡ, ಮುಪ್ಪೂ ಇಲ್ಲ. ನಿಮ್ಮ ಮನೆಯಲ್ಲೂ ಇಂಥ ಚಿಕ್ಕಪ್ಪ ಇದ್ದರೆ ಈ ಬೇಸಿಗೆಯಲ್ಲಿ ಖಂಡಿತ ಊಟಿಗೆ ಕರೆದುಕೊಂಡು ಹೋಗಿ, ಕಥೆಯನ್ನೂ ಪೂರ್ತಿ ಕೇಳಿ. ಕುದುರೆ ಹತ್ತಿಸುವ ಮೊದಲು ಮಾತ್ರ ಅದರ ಬೆನ್ನಿನಲ್ಲಿ ಗಾಯ ಇದೆಯೇ, ಗೊರಸು ನೆಟ್ಟಗಿದೆಯೇ ನೋಡಿ. ಆಮೇಲೆ ಒಮ್ಮೆ ಚಿಕ್ಕಪ್ಪನ ತೂಕವನ್ನೂ ನೋಡಿ.